ಸೂಜಿ ಚುಚ್ಚೋಕೆ ಇನ್ನೂ ಎಷ್ಟು ಹೊತ್ತಿದೆ?

ಹೋದ ಸಂಚಿಕೆಯಲ್ಲಿ ಆಪರೇಷನ್‌ಗೆ ತಯಾರಾಗೋದರ ಬಗ್ಗೆ ಬರೆಯುವಾಗ, ಡ್ರಿಪ್ ಸೂಜಿ ಹಾಕೋ ಮುಂಚೆ ಆ ಜಾಗದ ಚರ್ಮವನ್ನ ಮರಗಟ್ಟಿಸಬಹುದು, ಬೇಕಿದ್ರೆ ಕೇಳಿ ಅಂತ ಒಂದೇ ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿನ ಬಗ್ಗೆ ಬಂದಷ್ಟು ಪ್ರಶ್ನೆ ಉಳಿದ ಇಡೀ ಲೇಖನದ ಬಗ್ಗೆ ಬರಲಿಲ್ಲ. ಬಹಳ ಜನ ಬರೆದಿರೋದು ಒಂದೇ ಮಾತು, ಹೀಗೊಂದು ಇದೆ ಅಂತಾನೇ ನಮಗೆ ಯಾರೂ ಹೇಳಿರಲಿಲ್ಲ ಅಂತ. ನಾನು ಅರಿವಳಿಕೆ ಡಾಕ್ಟರ್, ಸೂಜಿ ಹಾಕೋದು ನನ್ನ ದಿನನಿತ್ಯದ ಕೆಲಸ, ಹಾಗಾಗಿ ಈ ಸಲ ಪೂರ್ತಿ ಅಂಕಣ ಇದಕ್ಕೇ ಇಟ್ಟಿದೀನಿ. ಒಂದೊಂದು ಪ್ರಶ್ನೆಯನ್ನೂ ಕೇಳಿದವರ ಮಾತಲ್ಲೇ ಹಾಕಿ, ಅದರ ಕೆಳಗೆ ನನ್ನ ಉತ್ತರ ಬರೆದಿದೀನಿ.

ನನ್ನ ಮಗಳಿಗೆ ಆರು ವರ್ಷ. ಮೂರು ವಾರಕ್ಕೊಂದು ಸಲ ಡ್ರಿಪ್ ಹಾಕೋ ಟ್ರೀಟ್‌ಮೆಂಟ್ ನಡೀತಿದೆ. ಹೋದ ಸಲ ಮರಗಟ್ಟಿಸೋ ಕ್ರೀಮ್ ಹಚ್ಚಿ, ನೋವೇ ಆಗಲ್ಲ ಪುಟ್ಟಿ ಅಂದು, ಹದಿನೈದು ನಿಮಿಷಕ್ಕೆ ಒರೆಸಿ ಚುಚ್ಚಿದ್ರು. ಅವಳು ಕಿರುಚಿಕೊಂಡ್ಲು. ಈಗ ಕ್ರೀಮ್ ಅಂದ್ರೆ ಸುಳ್ಳು ಅಂತಾಳೆ. ಅದು ನಿಜವಾಗ್ಲೂ ಕೆಲಸ ಮಾಡುತ್ತಾ ಮೇಡಂ?

ಮಾಡುತ್ತೆ ಅಮ್ಮಾ. ನಿಮ್ಮ ಮಗಳಿಗೆ ಮಾಡಲಿಲ್ಲ ಯಾಕಂದ್ರೆ ಅದಕ್ಕೆ ಟೈಮ್ ಕೊಡಲಿಲ್ಲ. ಹದಿನೈದು ನಿಮಿಷದಲ್ಲಿ ಆ ಕ್ರೀಮ್ ಇನ್ನೂ ಬಾಗಿಲಲ್ಲೇ ನಿಂತಿರುತ್ತೆ.

ನಮ್ಮ ಚರ್ಮದ ಮೇಲ್ಪದರ ಇದೆಯಲ್ಲ, ಅದು ಸತ್ತ ಕೋಶಗಳನ್ನ ಒತ್ತೊತ್ತಾಗಿ ಜೋಡಿಸಿಟ್ಟ ಗೋಡೆ, ಹೊರಗಿನದು ಒಳಗೆ ಬರಬಾರದು ಅಂತಾನೇ ಇರೋದು. ನೋವು ಹೇಳೋ ನರದ ತುದಿಗಳು ಅದರ ಕೆಳಗಿವೆ. ಔಷಧಿ ಆ ಗೋಡೆ ದಾಟಿ ಅಲ್ಲಿಗೆ ಇಳಿದ್ರೆ ಮಾತ್ರ ಉಪಯೋಗ. ಹೆಚ್ಚು ಕಡೆ ಬಳಸೋ ಕ್ರೀಮ್‌ನಲ್ಲಿ, ಎಮ್ಲಾ ಅಂತ ಕೇಳಿರಬಹುದು, ಎರಡು ಔಷಧಿ ಇರುತ್ತೆ, ಲಿಡೋಕೇನ್ ಶೇಕಡಾ 2.5, ಪ್ರಿಲೋಕೇನ್ ಶೇಕಡಾ 2.5. ಹಲ್ಲು ಕೀಳೋವಾಗ ವಸಡಿಗೆ ಇಂಜೆಕ್ಷನ್ ಕೊಡ್ತಾರಲ್ಲ, ಸಾಮಾನ್ಯವಾಗಿ ಅದೇ ಲಿಡೋಕೇನ್. ಈ ಎರಡೂ ಬೇರೆ ಬೇರೆ ಇದ್ದಾಗ ಪುಡಿ, ಸಮಸಮ ಬೆರೆಸಿದ್ರೆ ಮಾಮೂಲಿ ಉಷ್ಣತೆಯಲ್ಲೇ ಕರಗಿ ಎಣ್ಣೆ ಥರ ಆಗಿಬಿಡುತ್ತೆ, ಆ ಎಣ್ಣೆ ಹನಿಗಳಲ್ಲಿ ಔಷಧಿಯ ಪ್ರಮಾಣ ತುಂಬಾ ಜಾಸ್ತಿ ಇರೋದ್ರಿಂದಲೇ ಚರ್ಮ ದಾಟೋಕೆ ಆಗೋದು. ಆದ್ರೂ ನಿಧಾನ. ಕಮ್ಮಿ ಅಂದ್ರೂ 60 ನಿಮಿಷ ಬೇಕು. ಒಂದು ಗಂಟೆಗೆ ಸುಮಾರು 3 ಮಿಲಿಮೀಟರ್ ಆಳದವರೆಗೆ ಮರಗಟ್ಟುತ್ತೆ, ಎರಡು ಗಂಟೆ ಬಿಟ್ರೆ ಸುಮಾರು 5 ಮಿಲಿಮೀಟರ್.

ಇನ್ನು ಹಚ್ಚೋ ರೀತಿ. ಮುಖಕ್ಕೆ ಕ್ರೀಮ್ ಹಚ್ಚಿದ ಹಾಗೆ ತೆಳ್ಳಗೆ ಉಜ್ಜಿಬಿಟ್ರೆ ಏನೂ ಆಗಲ್ಲ. ದಪ್ಪ ಮುದ್ದೆಯಾಗಿ ಇಟ್ಟು, ಉಜ್ಜದೆ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಡ್ರೆಸ್ಸಿಂಗ್ ಅಂಟಿಸಿ ಸುತ್ತ ಅಂಚು ಸೀಲ್ ಮಾಡಬೇಕು. ಹಚ್ಚಿದ ಟೈಮ್ ಅನ್ನ ಆ ಡ್ರೆಸ್ಸಿಂಗ್ ಮೇಲೇ ಪೆನ್ನಲ್ಲಿ ಬರೀಬೇಕು, ಯಾಕಂದ್ರೆ ಡ್ಯೂಟಿ ಬದಲಾದಾಗ ಮುಂದಿನವರಿಗೆ ಯಾವಾಗ ಹಚ್ಚಿದ್ದು ಅಂತ ಗೊತ್ತಿರಲ್ಲ, ನಿಮ್ಮ ಮಗಳಿಗೆ ಆಗಿರೋದೂ ಇದೇ ಇರಬಹುದು. ಮತ್ತೊಂದು ವಿಷಯ, ಒಂದೇ ಜಾಗಕ್ಕೆ ಹಚ್ಚಬೇಡಿ ಅಂತ ಹೇಳಿ. ಮೊದಲನೇ ಕಡೆ ಸಿಗದಿದ್ರೆ ಎರಡನೇ ಕಡೆ ಮರಗಟ್ಟದೇ ಇರೋ ಚರ್ಮಕ್ಕೆ ಚುಚ್ಚಬೇಕಾಗುತ್ತೆ, ಆವಾಗ ಅಷ್ಟು ಹೊತ್ತು ಕಾದಿದ್ದೂ ದಂಡ. ಸೂಜಿ ಹಾಕೋವರೇ ಎರಡು ಒಳ್ಳೆ ಜಾಗ ನೋಡಿ ಗುರುತು ಮಾಡಿಕೊಟ್ರೆ ಇನ್ನೂ ಒಳ್ಳೇದು.

ಒರೆಸಿದ ಮೇಲೆ ಚರ್ಮ ಬೆಳ್ಳಗೆ ಬಿಳಿಚಿಕೊಂಡಿರುತ್ತೆ, ನೋಡಿ ಗಾಬರಿ ಆಗಬೇಡಿ, ಅದು ಈ ಕ್ರೀಮ್‌ನ ಗುಣ. ಆ ಹೊತ್ತಲ್ಲಿ ಮೇಲಿನ ರಕ್ತನಾಳ ಸ್ವಲ್ಪ ಬಿಗಿದುಕೊಂಡು ಕಾಣಿಸೋದೂ ಕಷ್ಟ ಆಗಬಹುದು, ಕ್ರೀಮ್ ಹಚ್ಚಿದ್ರೆ ಸಿಗಲ್ಲ ಅಂತ ಕೆಲವರು ಬೇಡ ಅನ್ನೋದು ಇದಕ್ಕೇ. ಆದ್ರೆ ಒರೆಸಿ ಹತ್ತು ನಿಮಿಷ ಬಿಟ್ಟು, ಕೈ ಬೆಚ್ಚಗೆ ಮಾಡಿದ್ರೆ ಸಾಮಾನ್ಯವಾಗಿ ಸರಿ ಹೋಗುತ್ತೆ. ಮರಗಟ್ಟಿದ್ದು ಒರೆಸಿದ ಮೇಲೂ ಒಂದೆರಡು ಗಂಟೆ ಇರುತ್ತೆ, ಆ ಹತ್ತು ನಿಮಿಷದಲ್ಲಿ ಓಡಿಹೋಗಲ್ಲ. ಟೆಟ್ರಾಕೇನ್ ಅನ್ನೋ ಇನ್ನೊಂದು ಔಷಧಿಯ ಶೇಕಡಾ 4ರ ಜೆಲ್ ಕೂಡ ಇದೆ, ಬರೀ ರಕ್ತ ತೆಗೆಯೋಕೆ 30 ನಿಮಿಷ, ಡ್ರಿಪ್ ಸೂಜಿಗೆ 45 ನಿಮಿಷ ಸಾಕು, ಪರಿಣಾಮ 4ರಿಂದ 6 ಗಂಟೆ ಇರುತ್ತೆ. ಅದು ಬಿಳಿ ಮಾಡಲ್ಲ, ಉಲ್ಟಾ ಕೆಂಪು ಮಾಡುತ್ತೆ, ನಾಳ ಬಿಗಿಯೋ ಬದಲು ಅಗಲ ಆಗುತ್ತೆ, ಸ್ವಲ್ಪ ತುರಿಕೆ ಬರಬಹುದು. ಎರಡರಲ್ಲಿ ಯಾವುದಿದೆ ಅಂತ ವಾರ್ಡ್‌ನಲ್ಲಿ ಕೇಳಿ.

ಇಷ್ಟೂ ಮಾಡಿ ಹಸಿ ಸ್ಪಿರಿಟ್ ಮೇಲೇ ಚುಚ್ಚಿಬಿಟ್ರೆ ಮತ್ತೆ ಚುರ್ ಅನ್ನುತ್ತೆ. ಸ್ಪಿರಿಟ್ ಪೂರ್ತಿ ಒಣಗೋವರೆಗೆ ಒಂದರ್ಧ ನಿಮಿಷ ಕಾಯಬೇಕು. ಒಣಗಿದ್ರೇನೇ ಕ್ರಿಮಿ ಸಾಯೋದು ಕೂಡ.

ಈಗ ನಿಮ್ಮ ಮಗಳ ನಂಬಿಕೆ ವಿಷಯ, ನನಗೆ ಇದೇ ಮುಖ್ಯ. ದಯವಿಟ್ಟು ಏನೂ ಆಗಲ್ಲ ಅಂತ ಹೇಳಬೇಡಿ. ಚೆನ್ನಾಗಿ ಮರಗಟ್ಟಿದ್ರೂ ಮುಟ್ಟಿದ್ದು ಒತ್ತಿದ್ದು ಎಳೆದಿದ್ದು ಗೊತ್ತಾಗುತ್ತೆ, ಯಾಕಂದ್ರೆ ಸ್ಪರ್ಶ ಹೇಳೋ ನರದ ಎಳೆಗಳು ಬೇರೆ, ನೋವು ಹೇಳೋ ಎಳೆಗಳು ಬೇರೆ, ಸಣ್ಣ ಎಳೆಗಳು ಮೊದಲು ಮರಗಟ್ಟುತ್ತೆ. ಏನೂ ಆಗಲ್ಲ ಅಂತ ಕೇಳಿದ ಮಗು ಒತ್ತಿದ ತಕ್ಷಣ ಓ ಶುರು ಆಯ್ತು, ಮತ್ತೆ ಸುಳ್ಳು ಹೇಳಿದ್ರು ಅಂದುಕೊಂಡು ಹೆದರಿಬಿಡುತ್ತೆ, ಆ ಹೆದರಿಕೆಯಲ್ಲಿ ಸಣ್ಣ ನೋವೂ ದೊಡ್ಡದಾಗುತ್ತೆ. ಅದರ ಬದಲು, "ಒತ್ತಿದ ಹಾಗೆ ಆಗುತ್ತೆ, ಎಳೆದ ಹಾಗೆ ಆಗುತ್ತೆ, ನೋವು ಬಂದ್ರೆ ನಂಗೆ ಹೇಳು" ಅನ್ನಿ. ನಾನು ಇಂಥ ಮಕ್ಕಳ ಹತ್ರ ಒಂದು ಕೆಲಸ ಮಾಡ್ತೀನಿ, ಕ್ರೀಮ್ ಒರೆಸಿದ ಮೇಲೆ ಪೆನ್ನಿನ ಕ್ಯಾಪ್ ಅವರ ಕೈಗೇ ಕೊಟ್ಟು, ಮರಗಟ್ಟಿದ ಜಾಗ ಒಂದು ಸಲ, ಪಕ್ಕದ ಜಾಗ ಒಂದು ಸಲ ನೀನೇ ಒತ್ತಿ ನೋಡು ಅಂತೀನಿ. ಎರಡೂ ಬೇರೆ ಥರ ಇದೆ ಅಂತ ಅವರಿಗೇ ಗೊತ್ತಾಗುತ್ತಲ್ಲ, ಆಮೇಲೆ ನಾನು ಏನೂ ಹೇಳೋದು ಬೇಕಾಗಲ್ಲ. ಯಾವ ಕೈ ಅಂತ ಅವಳನ್ನೇ ಕೇಳಿ, ಬರೆಯೋ ಕೈ ಬಿಟ್ಟು ಇನ್ನೊಂದಾದ್ರೆ ವಾಸಿ. ಮಲಗಿಸಿ ಕೈಕಾಲು ಅದುಮಿ ಹಿಡಿಯೋದು ಬೇಡ, ನಿಮ್ಮ ತೊಡೆ ಮೇಲೆ ಕೂರಿಸಿಕೊಂಡು ತಬ್ಬಿ ಹಿಡೀರಿ, ಚುಚ್ಚೋ ಕೈಯನ್ನ ಮಾತ್ರ ಇನ್ನೊಬ್ಬರು ಗಟ್ಟಿಯಾಗಿ ಹಿಡಿದುಕೊಳ್ಳಲಿ. ಗಮನ ಬೇರೆ ಕಡೆ ಸೆಳೆಯೋಕೆ ಗುಳ್ಳೆ ಊದಿಸೋದು, ಫೋನ್‌ನಲ್ಲಿ ಏನಾದ್ರೂ ತೋರಿಸೋದು, ಇವೂ ನಿಜವಾಗಿ ನೋವು ಕಮ್ಮಿ ಮಾಡುತ್ತೆ. ಆದ್ರೆ ಕೆಲವು ಮಕ್ಕಳಿಗೆ ನೋಡ್ತಾ ಇದ್ರೇನೇ ಧೈರ್ಯ, ಅಂಥವರ ಮುಖ ತಿರುಗಿಸಬೇಡಿ.

ಮುಂದಿನ ಸಲ ಮನೆಯಿಂದ ಹೊರಡೋ ಮುಂಚೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ, "ಸೂಜಿ ಎಷ್ಟು ಹೊತ್ತಿಗೆ ಹಾಕ್ತೀರಿ?" ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ ಕ್ರೀಮ್ ಹಚ್ಚಿಸಿ. ಪದೇ ಪದೇ ಹೋಗೋರಿಗೆ ಮನೆಯಲ್ಲೇ ಹಚ್ಚಿಕೊಂಡು ಬರೋಕೆ ಹೇಳಿಕೊಡ್ತಾರೆ, ಎಷ್ಟು ಗ್ರಾಂ ಎಲ್ಲಿ ಅಂತ ಅವರಿಂದಲೇ ಕಲಿತುಕೊಳ್ಳಿ.

ನಂಗೆ ಆಪರೇಷನ್ ದಿನ ಮೊದಲು ಸಣ್ಣ ಇಂಜೆಕ್ಷನ್ ಕೊಟ್ರು, ಅದೇ ಉರೀತು, ಆಮೇಲೆ ದೊಡ್ಡ ಸೂಜಿ ಹಾಕಿದ್ರು. ಒಂದು ಚುಚ್ಚೋ ಬದಲು ಎರಡು ಸಲ ಯಾಕೆ ಚುಚ್ಚಬೇಕು?

ಬಹಳ ಜನ ಇದನ್ನ ಕೇಳ್ತಾರೆ, ನರ್ಸ್‌ಗಳೂ ಕೇಳ್ತಾರೆ, ನ್ಯಾಯವಾದ ಪ್ರಶ್ನೆ. ಉತ್ತರ ಸೂಜಿ ಗಾತ್ರದಲ್ಲಿದೆ. ಸೂಜಿಯನ್ನ ಗೇಜ್ ಲೆಕ್ಕದಲ್ಲಿ ಹೇಳ್ತೀವಿ, ನಂಬರ್ ದೊಡ್ಡದಾದಷ್ಟೂ ಸೂಜಿ ತೆಳು. ಆಪರೇಷನ್‌ಗೆ ಹಾಕೋ ಹಸಿರು ಬಣ್ಣದ 18 ಗೇಜ್ ಕ್ಯಾನುಲಾ, ಅಂದ್ರೆ ಡ್ರಿಪ್ ಸೂಜಿ, ಸುಮಾರು 1.3 ಮಿಲಿಮೀಟರ್ ದಪ್ಪ. ಮರಗಟ್ಟಿಸೋಕೆ ಬಳಸೋ 30 ಗೇಜ್ ಸೂಜಿ 0.3 ಮಿಲಿಮೀಟರ್. ನಾಲ್ಕು ಪಟ್ಟು ವ್ಯತ್ಯಾಸ. ಅದರಲ್ಲಿ ಶೇಕಡಾ 1ರ ಲಿಡೋಕೇನ್ ಒಂದೆರಡು ಹನಿ, 0.1ರಿಂದ 0.2 ಮಿಲಿಲೀಟರ್, ಚರ್ಮದೊಳಗೇ ಕೊಟ್ರೆ ಸಣ್ಣ ಗುಳ್ಳೆ ಏಳುತ್ತೆ, ಒಂದು ನಿಮಿಷದೊಳಗೆ ಅಲ್ಲಿ ಮರಗಟ್ಟುತ್ತೆ. ಇದಕ್ಕೆ ಒಂದು ಗಂಟೆ ಕಾಯಬೇಕಿಲ್ಲ, ಗೋಡೆ ದಾಟೋ ಕೆಲಸ ಸೂಜಿನೇ ಮಾಡಿರುತ್ತೆ.

ಉರಿದಿದ್ದು ಸೂಜಿಗಿಂತ ಹೆಚ್ಚಾಗಿ ಔಷಧಿಗೆ. ಆ ದ್ರಾವಣ ಆಮ್ಲೀಯ, ಕೆಡದೆ ಇರಲಿ ಅಂತ ಹಾಗೆ ತಯಾರು ಮಾಡಿರ್ತಾರೆ. ಅದಕ್ಕೆ ಸ್ವಲ್ಪ ಸೋಡಿಯಂ ಬೈಕಾರ್ಬೊನೇಟ್ ಬೆರೆಸಿದ್ರೆ, ಸಾಮಾನ್ಯವಾಗಿ ಒಂಬತ್ತು ಹತ್ತು ಭಾಗಕ್ಕೆ ಒಂದು ಭಾಗ, ಉರಿ ಚೆನ್ನಾಗಿ ಕಮ್ಮಿ ಆಗುತ್ತೆ. ಔಷಧಿ ಮೈ ಬಿಸಿಯಷ್ಟು ಬೆಚ್ಚಗಿದ್ದು, ನಿಧಾನವಾಗಿ ಕೊಟ್ರೂ ಕಮ್ಮಿನೇ. ಬೆರೆಸೋಕೆ ಅರ್ಧ ನಿಮಿಷ ಹಿಡಿಯುತ್ತೆ, ಎಷ್ಟೋ ಕಡೆ ಬೆರೆಸಲ್ಲ, ಬೆರೆಸಬೇಕು ಅನ್ನೋದು ನನ್ನ ಅಭಿಪ್ರಾಯ.

ಹಾಗಂತ ಎಲ್ಲಾ ಸೂಜಿಗೂ ಇದು ಬೇಕು ಅಂತ ನಾನು ಹೇಳಲ್ಲ. 18 ಅಥವಾ ಅದಕ್ಕಿಂತ ದಪ್ಪದ್ದು ಹಾಕೋವಾಗ ನಾನಂತೂ ಕೊಟ್ಟೇ ಹಾಕ್ತೀನಿ, ನೀಲಿ ಬಣ್ಣದ 22 ಗೇಜ್‌ಗೆ ದೊಡ್ಡವರಲ್ಲಿ ಲಾಭ ಅಷ್ಟೇನಿಲ್ಲ, ಅವರವರನ್ನ ಕೇಳಿ ಮಾಡ್ತೀನಿ. ಗುಳ್ಳೆ ಎದ್ದು ನಾಳ ಮುಚ್ಚಿಹೋಗುತ್ತೆ ಅನ್ನೋ ತಕರಾರು ಇದೆಯಲ್ಲ, ನಾಳದ ನೆತ್ತಿ ಮೇಲೆ ಕೊಡದೆ ಪಕ್ಕದಲ್ಲಿ ಕೊಟ್ಟು, ಬೆರಳಲ್ಲಿ ಒತ್ತಿ ಸವರಿದ್ರೆ ಗುಳ್ಳೆ ಇಳಿದುಹೋಗುತ್ತೆ. ಕೈ ಪಳಗಿದವರಿಗೆ ಇದು ತೊಂದರೆನೇ ಅಲ್ಲ.

ಇಲ್ಲೇ ಒಂದು ಮಾತು. ನಾವು ಮಾತಾಡೋವಾಗ "ನರ ಸಿಗ್ತಿಲ್ಲ, ನರಕ್ಕೆ ಚುಚ್ಚಿದ್ರು" ಅಂತೀವಿ. ಡಾಕ್ಟರ್‌ಗಳೂ ಹಾಗೇ ಅಂತೀವಿ. ಇದನ್ನ ಕೇಳಿ ಕೈಯ ನರಕ್ಕೇ ಏಟಾಯ್ತೇನೋ ಅಂತ ಭಯ ಬಿದ್ದವರನ್ನ ನೋಡಿದೀನಿ. ಸೂಜಿ ಹಾಕೋದು ರಕ್ತನಾಳಕ್ಕೆ, ಮರಗಟ್ಟಿಸೋದು ಅದರ ಮೇಲಿರೋ ಚರ್ಮದ ನರದ ತುದಿಗಳನ್ನ. ನೋವಿನ ದೊಡ್ಡ ಪಾಲು ಬರೋದು ಚರ್ಮದಿಂದಲೇ, ಅದಕ್ಕೇ ಚರ್ಮ ಒಂದು ಮರಗಟ್ಟಿದ್ರೆ ಇಷ್ಟು ಉಪಯೋಗ ಆಗೋದು. ಆದ್ರೆ ಚುಚ್ಚೋವಾಗ ಬೆರಳ ತುದಿವರೆಗೆ ಕರೆಂಟ್ ಹೊಡೆದ ಹಾಗೆ ಆದ್ರೆ ತಕ್ಷಣ ಹೇಳಿ, ಅದು ನಿಜವಾದ ನರಕ್ಕೆ ತಾಗಿರೋ ಲಕ್ಷಣ, ಸೂಜಿ ತೆಗೀಬೇಕು.

ತಣ್ಣಗಿನ ಸ್ಪ್ರೇ ಹೊಡೆದು ತಕ್ಷಣ ಚುಚ್ಚಿದ್ರು. ಅದೂ ಮರಗಟ್ಟಿಸೋ ಔಷಧೀನೇನಾ?

ಅಲ್ಲ, ಅದು ಚಳಿಯ ಕೆಲಸ. ಆ ದ್ರವ ಚರ್ಮದ ಮೇಲೆ ಬಿದ್ದ ಕ್ಷಣಕ್ಕೆ ಆವಿಯಾಗಿ ಹೋಗ್ತಾ ಅಲ್ಲಿನ ಬಿಸಿಯನ್ನೂ ಎಳೆದುಕೊಂಡು ಹೋಗುತ್ತೆ, ಕೆಲವೇ ಸೆಕೆಂಡಲ್ಲಿ ಮರಗಟ್ಟಿ ಒಂದು ನಿಮಿಷದೊಳಗೆ ಇಳಿದುಹೋಗುತ್ತೆ. ಹಾಗಾಗಿ ಸೂಜಿ ಕೈಯಲ್ಲಿ ರೆಡಿ ಇಟ್ಟುಕೊಂಡೇ ಹೊಡೀಬೇಕು. ಕಾಯೋಕೆ ಟೈಮೇ ಇಲ್ಲ ಅನ್ನೋ ಕಡೆ ಇದು ಒಳ್ಳೇದು, ಆದ್ರೆ ತೀರಾ ಚಿಕ್ಕ ಮಕ್ಕಳು ಆ ಚಳಿಗೇ ಅಳ್ತಾರೆ. ಸೂಜಿ ಇಲ್ಲದೆ ಗಾಳಿಯ ಒತ್ತಡದಲ್ಲಿ ಲಿಡೋಕೇನ್ ಅನ್ನ ಚರ್ಮದೊಳಗೆ ಚಿಮ್ಮಿಸೋ ಸಾಧನವೂ ಇದೆ, ಕಾರ್ಬನ್ ಡೈಆಕ್ಸೈಡ್ ಅನಿಲದಲ್ಲಿ ನಡೆಯುತ್ತೆ, ಒಂದೆರಡು ನಿಮಿಷದಲ್ಲಿ ಕೆಲಸ ಮಾಡುತ್ತೆ. ಅದು ಜೋರಾಗಿ ಟಸ್ ಅನ್ನುತ್ತೆ, ಆ ಶಬ್ದವನ್ನ ಮಗುವಿಗೆ ಮೊದಲೇ ಒಂದು ಸಲ ಕೇಳಿಸಿ ಆಮೇಲೆ ಬಳಸಬೇಕು. ಅಂದ್ರೆ ನೋಡಿ, ಒಂದು ಗಂಟೆ ಇದ್ರೆ ಕ್ರೀಮ್, ಒಂದು ನಿಮಿಷ ಇದ್ರೆ ಸಣ್ಣ ಇಂಜೆಕ್ಷನ್, ಹತ್ತು ಸೆಕೆಂಡ್ ಇದ್ರೆ ಸ್ಪ್ರೇ. ಟೈಮ್ ಇಲ್ಲ ಅನ್ನೋ ಉತ್ತರಕ್ಕೆ ನಾನು ಒಪ್ಪದೇ ಇರೋದು ಇದಕ್ಕೇ.

ನಮ್ಮ ಪಾಪುಗೆ ಇಪ್ಪತ್ತು ದಿನ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಬೇಕು ಅಂದಿದ್ದಾರೆ. ಕ್ರೀಮ್ ಹಚ್ಚಬಹುದಾ?

ನೀವಾಗೇ ಹಚ್ಚಬೇಡಿ. ಡಾಕ್ಟರ್ ಹೇಳಿದ್ರೆ ಮಾತ್ರ, ಅದೂ ಬಹಳ ಕಮ್ಮಿ. ಮೂರು ತಿಂಗಳೊಳಗಿನ ಮಗುವಿಗೆ ಎಮ್ಲಾ ಥರದ್ದು ಹೆಚ್ಚೆಂದರೆ 1 ಗ್ರಾಂ, ಒಂದು ಗಂಟೆ ಮೀರಬಾರದು. ಟೆಟ್ರಾಕೇನ್ ಜೆಲ್ ಒಂದು ತಿಂಗಳು ತುಂಬೋವರೆಗೆ ಬಳಸಲ್ಲ. ಕಾರಣ ಮುಂದಿನ ಉತ್ತರದಲ್ಲಿದೆ. ನಿಮ್ಮ ಹತ್ರಾನೇ ಒಳ್ಳೆ ಔಷಧಿ ಇದೆ, ಎದೆಹಾಲು. ಹಾಲು ಕುಡಿಸಬಹುದು ಅಂತ ಡಾಕ್ಟರ್ ಒಪ್ಪಿದ್ರೆ ಸೂಜಿಗೆ ಮುಂಚೆ ಶುರು ಮಾಡಿ ಚುಚ್ಚೋವಾಗಲೂ ಕುಡಿಸ್ತಾ ಇರಿ, ಅಥವಾ ಎದೆಗೆ ಚರ್ಮಕ್ಕೆ ಚರ್ಮ ತಾಗೋ ಹಾಗೆ ಒತ್ತಿ ಹಿಡಿದಿರಿ. ಅದಾಗದಿದ್ರೆ ಆಸ್ಪತ್ರೆಯವರು ಸಕ್ಕರೆ ದ್ರಾವಣದ ಕೆಲವು ಹನಿಗಳನ್ನ ಸುಮಾರು ಎರಡು ನಿಮಿಷ ಮುಂಚೆ ನಾಲಿಗೆ ಮೇಲೆ ಹಾಕ್ತಾರೆ. ಎಳೆ ಮಗುವಿಗೆ ನೋವು ಗೊತ್ತಾಗಲ್ಲ ಅನ್ನೋದು ಹಳೇ ತಪ್ಪು ನಂಬಿಕೆ. ಗೊತ್ತಾಗುತ್ತೆ, ಚೆನ್ನಾಗಿಯೇ ಗೊತ್ತಾಗುತ್ತೆ.

ಇದನ್ನ ಮೆಡಿಕಲ್‌ನಲ್ಲಿ ತಗೊಂಡು ನಾವೇ ಹಚ್ಚಿಕೊಂಡ್ರೆ ಅಪಾಯ ಇದೆಯಾ? ಬರೀ ಕ್ರೀಮ್ ತಾನೇ?

ಬರೀ ಕ್ರೀಮ್ ಅಲ್ಲ. ಒಳಗೆ ಹೋಗಲಿ ಅಂತಾನೇ ಮಾಡಿದ ಔಷಧಿ ಇದು, ಜಾಸ್ತಿ ಹಚ್ಚಿದ್ರೆ ಜಾಸ್ತಿ ಒಳಗೆ ಹೋಗುತ್ತೆ, ರಕ್ತಕ್ಕೆ ಸೇರಿ ಮೆದುಳು ಹೃದಯಕ್ಕೆ ತಲುಪುತ್ತೆ. ಲೇಸರ್‌ನಲ್ಲಿ ಕೂದಲು ತೆಗೆಸೋ ಮುಂಚೆ ಔಷಧಿ ಪ್ರಮಾಣ ಜಾಸ್ತಿ ಇರೋ ಇಂಥ ಕ್ರೀಮನ್ನ ಕಾಲುಗಳಿಗೆಲ್ಲ ಬಳಿದುಕೊಂಡು ಪ್ಲಾಸ್ಟಿಕ್ ಸುತ್ತಿಕೊಂಡಿದ್ದ ಇಬ್ಬರು ಯುವತಿಯರು ಅಮೆರಿಕದಲ್ಲಿ ಫಿಟ್ಸ್ ಬಂದು ಕೋಮಾಕ್ಕೆ ಹೋಗಿ ತೀರಿಕೊಂಡ್ರು, ಅಲ್ಲಿನ ಔಷಧ ನಿಯಂತ್ರಣ ಇಲಾಖೆ 2007ರಲ್ಲಿ ಜನರಿಗೆ ಎಚ್ಚರಿಕೆ ಕೊಡಬೇಕಾಯ್ತು. ಡ್ರಿಪ್ ಹಾಕೋ ಎರಡು ಸಣ್ಣ ಜಾಗಕ್ಕೆ ಹೇಳಿದ ಅಳತೆಯಲ್ಲಿ ಹಚ್ಚೋದು ಸುರಕ್ಷಿತ, ಅದಕ್ಕೆ ಹೆದರಬೇಕಿಲ್ಲ, ಹೆದರಬೇಕಾದ್ದು ಅಂದಾಜಲ್ಲಿ ಬಳಿಯೋದಕ್ಕೆ.

ಪ್ರಿಲೋಕೇನ್‌ಗೆ ಇನ್ನೊಂದು ಗುಣ ಇದೆ. ಅದು ಒಡೆದಾಗ ಆಗೋ ಪದಾರ್ಥ ರಕ್ತದ ಹಿಮೋಗ್ಲೋಬಿನ್ ಅನ್ನ ಆಮ್ಲಜನಕ ಹೊರಲಾರದ ರೂಪಕ್ಕೆ ತಿರುಗಿಸಬಹುದು, ಇದನ್ನ ಮೆಥಿಮೋಗ್ಲೋಬಿನ್ ಅಂತೀವಿ. ದೊಡ್ಡವರ ದೇಹ ಅದನ್ನ ಸರಿಮಾಡಿಕೊಳ್ಳುತ್ತೆ, ಎಳೆ ಮಕ್ಕಳಲ್ಲಿ ಆ ಶಕ್ತಿ ಇನ್ನೂ ಬೆಳೆದಿರಲ್ಲ. ರಕ್ತದಲ್ಲಿ ಜಿ6ಪಿಡಿ ಅನ್ನೋ ಕಿಣ್ವದ ಕೊರತೆ ಇರೋರು, ಡ್ಯಾಪ್ಸೋನ್ ಅಥವಾ ಸಲ್ಫಾ ಮಾತ್ರೆ ತಗೊಳ್ತಿರೋರು ಮೊದಲೇ ಹೇಳಬೇಕು. ಹಚ್ಚಿದ ಮೇಲೆ ತುಟಿ ಉಗುರು ನೀಲಿ ಆದ್ರೆ, ಉಸಿರು ಕಟ್ಟಿದ ಹಾಗಾದ್ರೆ, ತಕ್ಷಣ ಒರೆಸಿ ಆಸ್ಪತ್ರೆಗೆ ಓಡಿ. ಗಾಯ ಆದ ಚರ್ಮಕ್ಕೆ, ಕಣ್ಣಿನ ಹತ್ರ ಹಚ್ಚಬಾರದು, ಎಕ್ಸಿಮಾ ಇರೋ ಚರ್ಮ ಬೇಗ ಹೀರಿಕೊಳ್ಳುತ್ತೆ, ಅಲ್ಲಿ ಟೈಮ್ ಕಮ್ಮಿ ಸಾಕು. ಮಕ್ಕಳು ಡ್ರೆಸ್ಸಿಂಗ್ ಕಿತ್ತು ಬಾಯಿಗೆ ಹಾಕದ ಹಾಗೆ ನೋಡಿಕೊಳ್ಳಿ.

ನಾನು ಮಕ್ಕಳ ವಾರ್ಡ್‌ನಲ್ಲಿ ನರ್ಸ್. ನೀವು ಬರೆಯೋದು ಸುಲಭ ಮೇಡಂ, ಒಂದು ಶಿಫ್ಟ್‌ಗೆ ಎಷ್ಟೋ ಮಕ್ಕಳು, ಒಂದೊಂದಕ್ಕೂ ಗಂಟೆಗಟ್ಟಲೆ ಕಾಯ್ತಾ ಕೂತ್ರೆ ಕೆಲಸ ಮುಗಿಯುತ್ತಾ?

ನಿಮ್ಮ ಕಷ್ಟ ನಂಗೆ ಗೊತ್ತು, ಅದೇ ಕಾರಿಡಾರ್‌ನಲ್ಲಿ ನಾನೂ ಓಡಾಡಿದೀನಿ. ಆದ್ರೆ ಕಾಯ್ತಾ ಕೂರೋದು ಬೇಡ ಸಿಸ್ಟರ್, ಮಗು ಹೇಗೂ ಕಾಯ್ತಾ ಇರುತ್ತೆ. ಬಂದು ಹೆಸರು ಬರೆಸಿ, ತೂಕ ನೋಡಿ, ಡಾಕ್ಟರ್ ಬಂದು, ಆರ್ಡರ್ ಬರೆದು, ಔಷಧಿ ಮೇಲೆ ಬರೋ ಹೊತ್ತಿಗೆ ಒಂದು ಗಂಟೆ ಎಲ್ಲಿ ಹೋಯ್ತು ಅಂತ ಗೊತ್ತಾಗಲ್ಲ. ತೂಕ ನೋಡೋ ಜಾಗದಲ್ಲೇ, ಡ್ರಿಪ್ ಬೇಕಾಗಬಹುದು ಅನ್ನಿಸಿದ ಮಗುವಿಗೆ ನರ್ಸ್‌ಗಳೇ ಕ್ರೀಮ್ ಹಚ್ಚೋಕೆ ಮೊದಲೇ ಬರೆದಿಟ್ಟ ಅನುಮತಿ ಇದ್ರೆ, ಆ ಕಾಯೋ ಟೈಮೇ ಔಷಧಿಯ ಟೈಮ್ ಆಗುತ್ತೆ. ಕೊನೆಗೆ ಡ್ರಿಪ್ ಬೇಡ ಅಂದ್ರೆ ಒರೆಸಿದರಾಯ್ತು. ಈ ಅನುಮತಿ ಬರೆಸೋಕೆ ನಿಮ್ಮ ಡಾಕ್ಟರ್‌ಗಳನ್ನ ಪೀಡಿಸಿ, ಬೇಕಿದ್ರೆ ಈ ಪುಟ ಹರಿದು ಕೊಡಿ. ಹೆದರಿ ಒದ್ದಾಡೋ ಮಗುವನ್ನ ಮೂರು ಜನ ಹಿಡಿದು ಮೂರು ಸಲ ಚುಚ್ಚೋದಕ್ಕೆ ಹೋಗೋ ಟೈಮ್ ಎಷ್ಟು ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಆದ್ರೆ ಮಗು ಬಿಳಿಚಿಕೊಂಡು ಕೈಕಾಲು ತಣ್ಣಗಾಗಿ ಬಂದಿದ್ರೆ, ಫಿಟ್ಸ್ ನಿಲ್ತಾ ಇಲ್ಲ ಅಂದ್ರೆ, ಅಲ್ಲಿ ಒಂದು ನಿಮಿಷವೂ ಕಾಯೋ ಹಾಗಿಲ್ಲ. ಅಪ್ಪ ಅಮ್ಮಂದಿರೂ ಇದನ್ನ ಅರ್ಥ ಮಾಡಿಕೊಳ್ಳಬೇಕು, ಆಗ ಕ್ರೀಮ್ ಎಲ್ಲಿ ಅಂತ ಕೇಳಬೇಡಿ.

ನಂಗೆ ನಲವತ್ತು ವರ್ಷ, ಸೂಜಿ ಕಂಡ್ರೆ ತಲೆ ಸುತ್ತಿ ಬೀಳ್ತೀನಿ. ಮರಗಟ್ಟಿಸಿದ್ರೆ ಇದು ನಿಲ್ಲುತ್ತಾ? ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ.

ನಾಚಿಕೆ ಬೇಡ, ಗಟ್ಟಿ ಆಳುಗಳೂ ಬೀಳ್ತಾರೆ. ಬೀಳೋದು ನೋವಿಂದ ಅಲ್ಲ, ಸೂಜಿಯನ್ನೋ ರಕ್ತವನ್ನೋ ನೋಡಿದ ಕೂಡಲೇ ಹೃದಯ ಬಡಿತ ನಿಧಾನ ಆಗಿ, ಬಿಪಿ ಇಳಿದು, ಮೆದುಳಿಗೆ ರಕ್ತ ಕಮ್ಮಿ ಆಗೋದ್ರಿಂದ. ಹಾಗಾಗಿ ಮರಗಟ್ಟಿಸೋದು ಅರ್ಧ ಸಹಾಯ ಅಷ್ಟೆ, ನೋವಿನ ಚಿಂತೆ ಹೋಗುತ್ತೆ. ಉಳಿದ ಅರ್ಧಕ್ಕೆ, ಒಳಗೆ ಹೋದ ತಕ್ಷಣ "ನಾನು ಬೀಳ್ತೀನಿ, ಮಲಗಿಸಿ ಹಾಕಿ" ಅಂತ ಹೇಳಿ. ಮಲಗಿಕೊಂಡು ಎರಡೂ ತೊಡೆ, ಹೊಟ್ಟೆ, ಸೂಜಿ ಹಾಕದ ಕೈ, ಇಷ್ಟನ್ನೂ ಹತ್ತು ಹದಿನೈದು ಸೆಕೆಂಡ್ ಬಿಗಿ ಹಿಡಿದು, ಮುಖ ಬೆಚ್ಚಗಾಯ್ತು ಅನ್ನಿಸಿದಾಗ ಬಿಡಿ, ಅರ್ಧ ನಿಮಿಷ ಬಿಟ್ಟು ಮತ್ತೆ ಮಾಡಿ. ಬಿಪಿ ಇಳಿಯದ ಹಾಗೆ ಇದು ತಡೆಯುತ್ತೆ. ಸೂಜಿ ಹಾಕೋ ಕೈ ಮಾತ್ರ ಸಡಿಲ ಇರಲಿ. ಮುಗಿದ ಮೇಲೆ ಗಡಿಬಿಡಿಯಲ್ಲಿ ಏಳಬೇಡಿ, ಒಂದು ಹತ್ತು ನಿಮಿಷ ಹಾಗೇ ಮಲಗಿದ್ದು, ಮೊದಲು ಕೂತು, ಆಮೇಲೆ ನಿಂತುಕೊಳ್ಳಿ.